ಬ್ರ್ಯಾಂಡ್ ಬದಲಿಸಿದೆ, ಕಂಪನಿ ಅದೇ ಇತ್ತು

ಒಂದು ಕಂಪನಿಯ ಕಾಗದ ನಮ್ಮ ಮನೆಗೆ ಇನ್ನು ಬೇಡ ಅಂತ ತೀರ್ಮಾನ ಮಾಡಿದ ದಿನ ನನಗೆ ತುಂಬಾ ಹುರುಪಿತ್ತು. ಒಂದು ಸಲ ಒರೆಸಿ ಬಿಸಾಡುವ ಟಿಶ್ಯೂಗೋಸ್ಕರ ಹಳೇ ಕಾಡಿನ ಮರ ಬಳಸುತ್ತಾರೆ ಅನ್ನುವುದು ನನ್ನ ಸಿಟ್ಟು. ಕಂಪನಿ ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ನಿಮ್ಮ ಸಿಟ್ಟು ಬೇರೆ ಕಂಪನಿಯ ಮೇಲಿರಬಹುದು, ಕಾರಣವೂ ಬೇರೆ ಇರಬಹುದು. ಹುಡುಕುವ ದಾರಿ ಮಾತ್ರ ಹೆಚ್ಚುಕಮ್ಮಿ ಒಂದೇ.

ಅಂಗಡಿಗೆ ಹೋಗಿ, ನಾವು ಯಾವಾಗಲೂ ತರುತ್ತಿದ್ದ ಟಿಶ್ಯೂ ರೋಲ್ ಬಿಟ್ಟು ಪಕ್ಕದ್ದನ್ನು ಎತ್ತಿಕೊಂಡು ಬಂದೆ. ಮನೆಯಲ್ಲಿ ಕವರ್ ಹರಿಯುವ ಮೊದಲು ಸುಮ್ನೆ ಹಿಂದೆ ತಿರುಗಿಸಿ ನೋಡಿದೆ. ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಅದೇ ಕಂಪನಿಯ ಹೆಸರು! ಬಣ್ಣ ಬೇರೆ, ಚಿತ್ರ ಬೇರೆ, ಯಜಮಾನ ಒಬ್ಬನೇ.

ಆಮೇಲೆ ಓದಿದಾಗ ಗೊತ್ತಾಯಿತು, ಈ ವ್ಯಾಪಾರ ಇರುವುದೇ ಹೀಗೆ. ಅಮೆರಿಕದ ಅಂಗಡಿಯಲ್ಲಿ ಚಾರ್ಮಿನ್, ಬೌಂಟಿ, ಪಫ್ಸ್ ಅಂತ ಮೂರು ಹೆಸರು ಕಾಣುತ್ತವೆ. ಮೂರೂ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವು. ಕ್ಲೀನೆಕ್ಸ್, ಸ್ಕಾಟ್, ಕಾಟನೆಲ್ ಕಿಂಬರ್ಲಿ-ಕ್ಲಾರ್ಕ್‌ನವು. ಬ್ರಾನಿ, ಏಂಜೆಲ್ ಸಾಫ್ಟ್ ಮಾಡುವ ಜಾರ್ಜಿಯಾ-ಪೆಸಿಫಿಕ್ ಅನ್ನು 2005ರಲ್ಲಿ ಕೋಕ್ ಇಂಡಸ್ಟ್ರೀಸ್ ಕೊಂಡುಕೊಂಡಿತು (ಕುಡಿಯುವ ಕೋಕ್ ಅಲ್ಲ, ಅದು ಬೇರೆ). ಮರುಬಳಕೆ ಕಾಗದದ ಸಾಮಾನಿಗೂ ಹೆಸರಾಗಿದ್ದ ಸೆವೆಂತ್ ಜನರೇಷನ್ 2016ರಲ್ಲಿ ಯೂನಿಲಿವರ್ ಕೈ ಸೇರಿತು. ಹಾಗಾಗಿ ಒಮ್ಮೆ ನೋಡಿ ಬಿಟ್ಟರೆ ಸಾಲದು. ನಾನು ಒಂದು ಚೀಟಿಯಲ್ಲಿ ಬ್ರ್ಯಾಂಡ್, ಕಂಪನಿ, ಅದರ ಮಾತೃಸಂಸ್ಥೆ ಅಂತ ಮೂರು ಸಾಲು ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ವರ್ಷಕ್ಕೊಮ್ಮೆ ತಿದ್ದುತ್ತೇನೆ.

ತಲೆನೋವು ಕೊಟ್ಟಿದ್ದು ಅಂಗಡಿಯವರದೇ ಹೆಸರಿನ ರೋಲ್. ಅದರ ಮೇಲೆ 'ಇವರಿಗಾಗಿ ತಯಾರಿಸಿದ್ದು' ಅಂತಷ್ಟೇ ಇರುತ್ತದೆ. ತಯಾರಿಸಿದವರು ಯಾರು? ದೊಡ್ಡ ಕಂಪನಿಗಳೇ ಬೇರೆಯವರ ಹೆಸರಿನಲ್ಲಿ ಮಾಡಿಕೊಡುವುದು ಉಂಟು. ಗ್ರಾಹಕ ಸೇವೆಗೆ ಬರೆದೆ. ಮೊದಲ ಪತ್ರದಲ್ಲಿ ಕಾಡು, ಪರಿಸರ ಅಂತ ಒಂದು ಪುಟ ಭಾಷಣ ಬಿಗಿದಿದ್ದೆ. ಬಂದಿದ್ದು ನಾಲ್ಕು ಸಾಲಿನ ಧನ್ಯವಾದ. ಎರಡನೇ ಸಲ ಮೂರೇ ಪ್ರಶ್ನೆ ಕೇಳಿದೆ: ಯಾವ ಮಿಲ್ಲಿನಲ್ಲಿ ತಯಾರಾಗುತ್ತದೆ, ಮರುಬಳಕೆ ನಾರು ಶೇಕಡಾ ಎಷ್ಟು, ಅದರಲ್ಲಿ ಜನ ಬಳಸಿ ಬಿಟ್ಟ ಕಾಗದದ್ದು ಎಷ್ಟು. ಎರಡಕ್ಕೆ ನೇರ ಉತ್ತರ ಬಂತು. ಮಿಲ್ಲಿನ ಹೆಸರು ಮಾತ್ರ ಹೇಳಲಿಲ್ಲ. ಹೇಳದ್ದನ್ನು ನಾನು ಕೊಳ್ಳುವುದೂ ಇಲ್ಲ.

ಮೂರನೇ ಪ್ರಶ್ನೆ ಯಾಕೆ ಅಂದರೆ, 'ಮರುಬಳಕೆ' ಅನ್ನುವ ಪದದೊಳಗೆ ಎರಡು ಬಗೆ ಇದೆ. ಕಾರ್ಖಾನೆಯಲ್ಲಿ ಕತ್ತರಿಸುವಾಗ ಉಳಿದ ಚೂರನ್ನು ಮತ್ತೆ ಅರೆದರೂ ಮರುಬಳಕೆಯೇ. ಮನೆ, ಆಫೀಸುಗಳಲ್ಲಿ ಓದಿ ಬರೆದು ಬಿಟ್ಟ ಕಾಗದ ವಾಪಸ್ ಬಂದರೂ ಮರುಬಳಕೆಯೇ. ನನಗೆ ಬೇಕಾದ್ದು ಎರಡನೆಯದು. ಕಾಡನ್ನು ಜವಾಬ್ದಾರಿಯಿಂದ ನೋಡಿಕೊಳ್ಳುವವರಿಗೆ ಪ್ರಮಾಣಪತ್ರ ಕೊಡುವ, 1993ರಲ್ಲಿ ಶುರುವಾದ ಎಫ್‌ಎಸ್‌ಸಿ ಅನ್ನುವ ಸಂಸ್ಥೆಯ ಗುರುತಿನಲ್ಲೂ ಮೂರು ಬಗೆ ಇವೆ: 100%, ಮಿಕ್ಸ್, ರಿಸೈಕಲ್ಡ್. ಮರದ ಗುರುತು ಕಂಡ ಕೂಡಲೇ ನಾನು ಖುಷಿಪಡುತ್ತಿದ್ದೆ. ಮಿಕ್ಸ್ ಅಂದರೆ ಪೂರ್ತಿ ನಾರು ಪ್ರಮಾಣಪತ್ರ ಇರುವ ಕಾಡಿನದ್ದೇ ಅಂತಲ್ಲ ಅನ್ನುವುದು ತಡವಾಗಿ ತಿಳಿಯಿತು.

ಮರುಬಳಕೆಯ ರೋಲ್ ಸ್ವಲ್ಪ ಒರಟು, ಅದನ್ನು ಮುಚ್ಚಿಡುವುದಿಲ್ಲ. ಪ್ರತಿ ಸಲ ಅರೆದಾಗಲೂ ನಾರು ಗಿಡ್ಡವಾಗುತ್ತದೆ. ಐದರಿಂದ ಏಳು ಸುತ್ತಿನ ಹೊತ್ತಿಗೆ ಕಾಗದಕ್ಕೆ ಬಾರದಷ್ಟು ಸವೆದಿರುತ್ತದೆ. ಬಿದಿರಿನ ರೋಲೂ ತಂದು ನೋಡಿದೆ. ಮೆತ್ತಗಿತ್ತು. ಆದರೆ ಬಿದಿರು ಯಾವ ಜಾಗದಲ್ಲಿ ಬೆಳೆದದ್ದು, ಅಲ್ಲಿ ಮೊದಲು ಏನಿತ್ತು ಅನ್ನುವುದಕ್ಕೆ ಪ್ಯಾಕೆಟ್ ಮೇಲೆ ಉತ್ತರ ಇರಲಿಲ್ಲ.

ಒಂದು ದಿನ ಮಗಳು ಕೇಳಿದಳು, "ಅಪ್ಪಾ, ನಾವು ಮೂರು ರೋಲ್ ತರೋದು ನಿಲ್ಲಿಸಿದ್ರೆ ಅವರಿಗೆ ಗೊತ್ತಾಗುತ್ತಾ?" ಗೊತ್ತಾಗಲ್ಲ ಅಂತಲೇ ಹೇಳಿದೆ. ಆಮೇಲೆ ಗ್ರೀನ್‌ಪೀಸ್ ಅನ್ನುವ ಪರಿಸರ ಸಂಘಟನೆಯ ಕಥೆ ಹೇಳಿದೆ. ಕೆನಡಾದ ಬೋರಿಯಲ್ ಕಾಡಿನ (ಉತ್ತರದ ಚಳಿ ಪ್ರದೇಶದ ಕಾಡು) ವಿಚಾರಕ್ಕೆ 2004ರಲ್ಲಿ ಅವರು ಕಿಂಬರ್ಲಿ-ಕ್ಲಾರ್ಕ್ ವಿರುದ್ಧ ಅಭಿಯಾನ ಶುರು ಮಾಡಿದರು. 2009ರಲ್ಲಿ ಕಂಪನಿ ನಾರು ಕೊಳ್ಳುವ ಹೊಸ ನೀತಿ ಪ್ರಕಟಿಸಿತು, ಅಭಿಯಾನ ಮುಗಿಯಿತು. "ಐದು ವರ್ಷಾನಾ?" ಅಂದಳು. ಅವಳಿಗೆ ಅದೇ ಜಾಸ್ತಿ ಅನ್ನಿಸಿತು.

ಇಷ್ಟೆಲ್ಲ ಪತ್ತೇದಾರಿ ಮಾಡಿದ ಮೇಲೆ ಹೊಳೆದದ್ದು ಇನ್ನೊಂದು. ಅಡುಗೆಮನೆ ರೋಲ್ ನಮಗೆ ಬೇಕಾಗಿತ್ತಾ? ಒಂದು ವಾರ, ಹಾಳೆ ಹರಿದಾಗಲೆಲ್ಲ ಯಾತಕ್ಕೆ ಅಂತ ಗೆರೆ ಎಳೆದೆವು. ಮುಕ್ಕಾಲು ಗೆರೆ ಚೆಲ್ಲಿದ ನೀರು ಮತ್ತು ಒದ್ದೆ ಕೈಗೆ. ಅದಕ್ಕೆ ಬಟ್ಟೆ ಸಾಕಲ್ವಾ?

ಹೊಸ ಬಟ್ಟೆ ತಂದು ಮೋಸಹೋದೆ. ಗಂಜಿಯಿದ್ದ ಬಟ್ಟೆ ನೀರನ್ನು ಹೀರುವ ಬದಲು ಆಚೆ ತಳ್ಳುತ್ತಿತ್ತು. ಕಡೆಗೆ ನಡು ಸವೆದ ಒಂದು ಹಳೇ ಹತ್ತಿ ದುಪ್ಪಟಿ ಕೈಗೆ ಬಂತು. ಅಂಚಿನಲ್ಲಿ ಕತ್ತರಿಯಿಂದ ಒಂದು ಕಚ್ಚು ಕೊಟ್ಟು ಎಳೆದರೆ ಪರ್ರ್ ಅಂತ ನೇರಕ್ಕೆ ಹರಿಯುತ್ತದೆ. ಅಂಗೈ ಎರಡರಷ್ಟಗಲದ ಚೌಕಗಳು, ಒಟ್ಟು ನಲವತ್ತು. ಅಂಚು ಹೊಲಿಯದ ಕಾರಣ ಮೊದಲ ಒಗೆತದಲ್ಲಿ ದಾರವೆಲ್ಲ ಬಿಟ್ಟು ಗೋಜಲಾಯಿತು. ಕತ್ತರಿಸಿ ಹಾಕಿದೆ, ಆಮೇಲೆ ತೊಂದರೆ ಆಗಲಿಲ್ಲ. ಬಟ್ಟೆ ಮೆದುಗೊಳಿಸುವ ದ್ರವ ಮಾತ್ರ ಇದಕ್ಕೆ ಹಾಕಬೇಡಿ, ಹೀರುವ ಗುಣ ಹೋಗುತ್ತದೆ.

ರೋಲ್ ಇದ್ದ ಜಾಗದಲ್ಲೇ ಚೌಕಗಳ ಬುಟ್ಟಿ ಇಟ್ಟೆವು. ಇದು ಸಣ್ಣ ವಿಷಯ ಅಲ್ಲ. ಮೊದಲು ಡ್ರಾಯರ್‌ನಲ್ಲಿ ಇಟ್ಟಾಗ ಯಾರೂ ಮುಟ್ಟಿರಲಿಲ್ಲ. ಕೈ ಹೋಗುವುದು ಅಭ್ಯಾಸವಿದ್ದ ಕಡೆಗೇ. ಪಕ್ಕದಲ್ಲಿ ಕೊಳೆ ಬಟ್ಟೆಗೆ ತೂತಿರುವ ಡಬ್ಬ. ಮುಚ್ಚಳ ಬಿಗಿದರೆ ಎರಡೇ ದಿನಕ್ಕೆ ಮುಗ್ಗಲು ವಾಸನೆ. ಎಣ್ಣೆ ಜಿಡ್ಡಿಗೆ ಮಾತ್ರ ಬಟ್ಟೆ ಕೊಡುವುದಿಲ್ಲ. ಅದಕ್ಕೆ ಬಳಸಿದ ಲಕೋಟೆ, ಹಳೇ ಕಾಗದ. ಕರಿದದ್ದರ ಎಣ್ಣೆ ಇಳಿಯಲು ತಂತಿ ಜಾಲರಿ. ಮುದ್ರಿಸಿದ ಕಾಗದದ ಮೇಲೆ ತಿನ್ನುವ ಪದಾರ್ಥ ಇಡಬಾರದು, ಮಸಿ ಹತ್ತುತ್ತದೆ.

ನ್ಯಾಪ್‌ಕಿನ್ ಸಲೀಸಾಗಿ ಹೋಯಿತು. ಕಾಗದದ ಲೋಟಗಳನ್ನು ಒಳಗೆ ಪ್ಲಾಸ್ಟಿಕ್ ಲೇಪ ಇದೆ ಅಂತ ಗೊತ್ತಾದ ದಿನವೇ ಬಿಟ್ಟೆವು. ಮೂಗಿಗೆ ಕರ್ಚೀಫು. ಜ್ವರ, ನೆಗಡಿ ಜೋರಿದ್ದರೆ ಟಿಶ್ಯೂ ಡಬ್ಬ ತೆಗೆಯುತ್ತೇವೆ, ಅದಕ್ಕೆ ನಾಚಿಕೆ ಇಲ್ಲ. ಟಾಯ್ಲೆಟ್ ರೋಲ್ ಈಗ ಪೂರ್ತಿ ಮರುಬಳಕೆಯದ್ದು, ಚೀಟಿಯಲ್ಲಿ ಹೆಸರಿಲ್ಲದ ಒಂದು ಸಣ್ಣ ಕಂಪನಿಯದ್ದು. ಬೇಕಿಂಗ್ ಪೇಪರ್‌ಗೆ ಮಾತ್ರ ಸರಿಯಾದ ಬದಲಿ ಸಿಕ್ಕಿಲ್ಲ. ಅದೇ ಮೂರು ಪ್ರಶ್ನೆ ಬರೆದು ಇಬ್ಬರಿಗೆ ಕಳಿಸಿದ್ದೇನೆ.