20 ಎಂಜಿಯಿಂದ ಶುರು ಮಾಡಿದೆ, ಸಿಗರೇಟು ಬಿಟ್ಟೆ: ನನ್ನ ಅನುಭವ

ಸಿಗರೇಟು ಬಿಟ್ಟು ವೇಪ್ (ಇ-ಸಿಗರೇಟು) ಹಿಡಿಯುವವರಿಗೆ ನಮ್ಮ ಜನ ಹೇಳುವುದು ಒಂದೇ ಮಾತು. "ನಿಕೋಟಿನ್ ಕಮ್ಮಿ ಇರೋದು ತಗೋ, 3 ಎಂಜಿ ಸಾಕು." ನಾನು ಉಲ್ಟಾ ಮಾಡಿದೆ. ಇಲ್ಲಿ ಇಂಗ್ಲೆಂಡಿನಲ್ಲಿ ಕಾನೂನು ಬಿಡುವುದೇ ವೇಪ್ ದ್ರವದ ಮಿಲಿಲೀಟರಿಗೆ 20 ಎಂಜಿ (ಮಿಲಿಗ್ರಾಂ) ನಿಕೋಟಿನ್ ತನಕ. ನಾನು ಅಲ್ಲಿಂದಲೇ ಶುರು ಮಾಡಿದೆ.

ರೆಡಿಂಗ್‌ನ ನಮ್ಮ ಕನ್ನಡ ಗೆಳೆಯರಲ್ಲಿ ಒಬ್ಬರೂ ಇದನ್ನು ಒಪ್ಪಲಿಲ್ಲ. "ಚಿಕ್ಕ ಚಟ ಬಿಟ್ಟು ದೊಡ್ಡ ಚಟ ಹಚ್ಕೊಂಡಿದ್ದೀಯ ಮಾರಾಯ" ಅಂದರು. ದಾವಣಗೆರೆಯಿಂದ ಭಾವ ಫೋನ್ ಮಾಡಿ, "20 ಎಂಜಿ ಅಂದ್ರೆ ವಿಷ ಕಣಪ್ಪ" ಅಂತ ಗಾಬರಿಯಾದರು. ಈಗ ಎರಡು ವರ್ಷ ದಾಟಿದೆ. ಒಂದು ಸಿಗರೇಟೂ ಮುಟ್ಟಿಲ್ಲ. ಆಗ ತಲೆಯಾಡಿಸಿದ ಗೆಳೆಯರಲ್ಲಿ ಇಬ್ಬರು ನನ್ನ ದಾರಿಯಲ್ಲೇ ಬಂದು ಸಿಗರೇಟು ಬಿಟ್ಟಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮುಂದೆ ಬರುವ ಮಾತುಗಳು: ಜ್ಯೂಸ್ ಅಂದರೆ ವೇಪಿಗೆ ಹಾಕುವ ದ್ರವ, ಕಾಯಿಲ್ ಅಂದರೆ ಅದನ್ನು ಕಾಯಿಸುವ ತಂತಿ ಸುರುಳಿ, ಪಾಡ್ ಅಂದರೆ ಸಣ್ಣ ವೇಪ್, ಪಿಜಿ-ವಿಜಿ (ಪ್ರೊಪಿಲೀನ್ ಗ್ಲೈಕಾಲ್, ವೆಜಿಟಬಲ್ ಗ್ಲಿಸರಿನ್) ಅಂದರೆ ಜ್ಯೂಸಿನ ಎರಡು ಮೂಲ ದ್ರವ.

ನಾನು ದಿನಕ್ಕೆ ಹದಿನೈದರಿಂದ ಹದಿನೆಂಟು ಸೇದುತ್ತಿದ್ದೆ. ಬೆಳಗ್ಗೆ ಎದ್ದು ಹತ್ತು ನಿಮಿಷದೊಳಗೆ ಮೊದಲನೆಯದು. ಇಪ್ಪತ್ತರ ಪ್ಯಾಕು ಆಗ 14 ಪೌಂಡಿನ ಹತ್ತಿರ. ತಿಂಗಳಿಗೆ 350 ಪೌಂಡು ಹೊಗೆಯಾಗುತ್ತಿತ್ತು. ಮನೆ ಬಾಡಿಗೆ, ಮಗಳ ನರ್ಸರಿ ಫೀ ಕಟ್ಟಿದ ಮೇಲೆ ಮೂರನೇ ದೊಡ್ಡ ಖರ್ಚು ಇದೇ.

ಮೊದಲು ಅಂಗಡಿಯವನ ಮಾತು ಕೇಳಿ ದೊಡ್ಡ ಮೋಡ್ (ಜಾಸ್ತಿ ಶಕ್ತಿಯ ವೇಪ್) ತಗೊಂಡಿದ್ದೆ. ಎರಡು ಬ್ಯಾಟರಿ, ಜಾಸ್ತಿ ಆವಿ ಬಿಡುವ ಸಬ್-ಓಮ್ ಟ್ಯಾಂಕು, ನೂರಕ್ಕೆ 70 ವಿಜಿ ಇರುವ ಶಾರ್ಟ್‌ಫಿಲ್ (ನಿಕೋಟಿನ್ ನಾವೇ ಬೆರೆಸಿಕೊಳ್ಳುವ ಜ್ಯೂಸ್). ಅದರ 50 ಎಂಎಲ್‌ಗೆ 18 ಎಂಜಿಯ 10 ಎಂಎಲ್ ನಿಕ್ ಶಾಟ್ (ಬರೀ ನಿಕೋಟಿನ್ ದ್ರವದ ಬಾಟಲಿ) ಹಾಕಿದರೆ 60 ಎಂಎಲ್, 3 ಎಂಜಿ. ಕಿಟ್‌ಗೆ 65 ಪೌಂಡು ಬಿತ್ತು. ಆವಿಯ ಮೋಡ ಮಾತ್ರ ಬಸ್ ನಿಲ್ದಾಣ ಮುಚ್ಚುವಷ್ಟು ಬರುತ್ತಿತ್ತು, ತಲುಬು ತೀರುತ್ತಿರಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ಎಂಎಲ್ ಎಳೆದೂ ಸಂಜೆಗೆ ಐದಾರು ಸಿಗರೇಟು ಬೇಕೇ ಬೇಕು. ಕೆಮ್ಮು ಜಾಸ್ತಿಯಾಯಿತು. ಎರಡರ ಖರ್ಚೂ ತಲೆ ಮೇಲೆ.

ಆಮೇಲೆ ಯೂಸ್ ಅಂಡ್ ಥ್ರೋ ವೇಪ್. ಅವಿನ್ನೂ ಇಲ್ಲಿ ನಿಷೇಧ ಆಗಿರಲಿಲ್ಲ, 2025ರ ಜೂನ್ 1ರಿಂದ ನಿಂತವು. ಅದರಲ್ಲಿ 20 ಎಂಜಿ ಸಾಲ್ಟ್ (ಉಪ್ಪಿನ ರೂಪದ ನಿಕೋಟಿನ್) ಇತ್ತು. ಸಿಗರೇಟು ಬೇಡ ಅನ್ನಿಸಿದ್ದು ಮೊದಲ ಸಲ ಆಗಲೇ. ಆದರೆ ಎರಡು ಎಂಎಲ್‌ಗೆ ಐದು ಪೌಂಡು. ನನಗೆ ದಿನಕ್ಕೊಂದು ಸಾಲುತ್ತಿರಲಿಲ್ಲ. ಮತ್ತೆ ಆ ಕಲ್ಲಂಗಡಿ, ಬಬಲ್‌ಗಮ್ ವಾಸನೆಗೆ ಮಗಳು "ಅಪ್ಪಾ, ಚಾಕ್ಲೇಟಾ?" ಅಂತ ಹತ್ತಿರ ಬರತೊಡಗಿದಳು. ಅವತ್ತೇ ಮನೆಯಿಂದ ಆಚೆ ಹಾಕಿದೆ. ಕಲಿತ ಪಾಠ ಮಾತ್ರ ಕೈಯಲ್ಲಿ ಉಳಿಯಿತು: ನನಗೆ ಬೇಕಿದ್ದದ್ದು ಮೋಡವಲ್ಲ, ನಿಕೋಟಿನ್.

ಹೀಗೆ ಸಣ್ಣ ಪಾಡ್‌ಗೆ ಬಂದೆ. ಇಪ್ಪತ್ತೆರಡು ಪೌಂಡಿನದು. 1 ಓಮ್‌ನ ಆಸುಪಾಸಿನ ಕಾಯಿಲ್, 12-13 ವ್ಯಾಟು, ಸಿಗರೇಟಿನ ಹಾಗೇ ಬಿಗಿಯಾದ ಎಳೆತ. ಜ್ಯೂಸ್ ಪಿಜಿ-ವಿಜಿ 50-50ರದು, 20 ಎಂಜಿ ಸಾಲ್ಟ್, ಪುದೀನ. ಫ್ರೀಬೇಸ್ (ಸಾಲ್ಟ್ ಅಲ್ಲದ ಮಾಮೂಲಿ ನಿಕೋಟಿನ್) 18 ಎಂಜಿ ಗಂಟಲು ಸುಡುತ್ತದೆ, ನಾನು ತಡೆಯಲಾರೆ. ಸಾಲ್ಟ್‌ನಲ್ಲಿ ಬೆಂಜೋಯಿಕ್ ಆ್ಯಸಿಡ್ ಇರುವುದರಿಂದ ಅಷ್ಟೇ ನಿಕೋಟಿನ್ ಮೆತ್ತಗೆ ಇಳಿಯುತ್ತದೆ.

ಎಳೆಯುವ ರೀತಿಯನ್ನೂ ಬದಲಿಸಬೇಕು, ಇದನ್ನು ಜಾಸ್ತಿ ಜನ ಹೇಳಲ್ಲ. ಸಿಗರೇಟನ್ನು ನಾವು ಗಬಗಬ ಎಳೆದು ಅಭ್ಯಾಸ. ವೇಪ್ ಹಾಗೆ ಎಳೆದರೆ ಬಾಯಿಗೆ ಜ್ಯೂಸ್ ಬರುತ್ತದೆ, ಅಥವಾ ಕಾಯಿಲ್ ಒಳಗಿನ ಹತ್ತಿ ಒಣಗಿ ಸುಟ್ಟ ರುಚಿ. ಆ ಸುಟ್ಟ ರುಚಿ ಬಂದರೆ ಕೂಡಲೇ ನಿಲ್ಲಿಸಿ. ಜ್ಯೂಸ್ ಅತಿಯಾಗಿ ಕಾದಾಗಲೇ ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ವಿಷಗಳು ಜಾಸ್ತಿ ಹುಟ್ಟುವುದು. ನಾನು ಮೂರು ನಾಲ್ಕು ಸೆಕೆಂಡು ನಿಧಾನಕ್ಕೆ ಎಳೆದು, ನಾಲ್ಕೈದು ಎಳೆತ ಆದ ಮೇಲೆ ಪಾಡ್ ಜೇಬಿಗಿಟ್ಟು ಐದು ನಿಮಿಷ ಕಾಯುತ್ತಿದ್ದೆ. ಆಮೇಲೂ ಬೇಕು ಅನ್ನಿಸಿದರೆ ಮತ್ತೆ ಎರಡು ಎಳೆತ.

ಈಗ ಭಾವ ಹೇಳಿದ ವಿಷದ ಮಾತು. ಒಂದು ಸಿಗರೇಟಿನ ತಂಬಾಕಿನಲ್ಲಿ ಹತ್ತು ಹನ್ನೆರಡು ಎಂಜಿ ನಿಕೋಟಿನ್ ಇರುತ್ತದೆ. ಅದರಲ್ಲಿ ಮೈಗೆ ಸೇರುವುದು ಒಂದು, ಒಂದೂವರೆ ಎಂಜಿ. ಹದಿನೇಳು ಸೇದುವವನ ಮೈ ದಿನಕ್ಕೆ ಇಪ್ಪತ್ತು ಎಂಜಿಯ ಹತ್ತಿರ ಆಗಲೇ ಕುಡಿಯುತ್ತಿದೆ. ನಾನು ಪಾಡ್‌ನಲ್ಲಿ ದಿನಕ್ಕೆ ಮೂರು ಎಂಎಲ್ ಮುಗಿಸುತ್ತಿದ್ದೆ, ಅಂದರೆ ಜ್ಯೂಸಿನಲ್ಲಿ 60 ಎಂಜಿ. ಅದೂ ಪೂರ್ತಿ ಒಳಗೆ ಹೋಗುವುದಿಲ್ಲ. ನಿಕೋಟಿನ್ ಮಟ್ಟಿಗೆ ಮೈಗೆ ಹೊಸದೇನನ್ನೂ ನಾನು ಕೊಡುತ್ತಿರಲಿಲ್ಲ. ಟಾರು ಮತ್ತು ಕಾರ್ಬನ್ ಮಾನಾಕ್ಸೈಡ್ ತೆಗೆದುಹಾಕಿದ್ದೆ, ಅಷ್ಟೇ. ಜಾಸ್ತಿಯಾದರೆ ಮೈಯೇ ಹೇಳುತ್ತದೆ: ವಾಕರಿಕೆ, ತಲೆನೋವು, ತಲೆ ಸುತ್ತು. ಆಗ ಪಾಡ್ ಕೆಳಗಿಡಿ. ಎರಡು ಗಂಟೆಯಲ್ಲಿ ರಕ್ತದ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ಇನ್ನು ಕೈ ಸಿಗರೇಟು ಪ್ಯಾಕಿನ ಕಡೆ ಹೋದರೆ ಕಮ್ಮಿಯಾಗಿದೆ ಅಂತ ಅರ್ಥ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರ 2019ರ ದೊಡ್ಡ ಪ್ರಯೋಗದಲ್ಲಿ ಜನರಿಗೆ ಕೊಟ್ಟ ಮೊದಲ ಬಾಟಲಿಯೂ 18 ಎಂಜಿಯದೇ. ವರ್ಷದ ಕೊನೆಗೆ ವೇಪ್ ಗುಂಪಿನಲ್ಲಿ ನೂರಕ್ಕೆ 18 ಜನ ಸಿಗರೇಟು ಬಿಟ್ಟಿದ್ದರು, ನಿಕೋಟಿನ್ ಗಮ್-ಪ್ಯಾಚ್ ಗುಂಪಿನಲ್ಲಿ 10 ಜನ. ಆದರೆ ವೇಪಿನಿಂದ ಬಿಟ್ಟವರಲ್ಲಿ ನೂರಕ್ಕೆ 80 ಜನ ಆಗಲೂ ವೇಪ್ ಎಳೆಯುತ್ತಿದ್ದರು. ಅದನ್ನೂ ಹೇಳಬೇಕಲ್ವಾ.

ನಂಬದ ಗೆಳೆಯರ ಬಾಯಿ ಮುಚ್ಚಿಸಿದ್ದು ಸಿಒ ಮೀಟರ್, ಅಂದರೆ ಉಸಿರಿನ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಯಂತ್ರ. ಇಲ್ಲಿನ ಧೂಮಪಾನ ಬಿಡಿಸುವ ಕೇಂದ್ರದಲ್ಲಿ ಪುಕ್ಕಟೆ ಅಳೆಯುತ್ತಾರೆ. ಉಸಿರು ಕಟ್ಟಿ ಹದಿನೈದು ಸೆಕೆಂಡು ಎಣಿಸಬೇಕು, ಆಮೇಲೆ ಕೊಳವೆಗೆ ನಿಧಾನವಾಗಿ ಪೂರ್ತಿ ಊದಬೇಕು. ಪರದೆಯ ಮೇಲೆ ಅಂಕಿ ಒಂದೊಂದೇ ಏರುತ್ತದೆ. ಸೇದುವಾಗ ನನ್ನದು 24ರ ತನಕ ಹೋಗಿತ್ತು. ದೊಡ್ಡ ಮೋಡ್ ಮತ್ತು ಐದಾರು ಸಿಗರೇಟಿನ ಕಾಲದಲ್ಲಿ 13-14. ಪಾಡ್ ಹಿಡಿದು ಸಿಗರೇಟು ಪೂರ್ತಿ ನಿಲ್ಲಿಸಿದ ವಾರದಲ್ಲೇ 2. ಸೇದದವರದೂ ಅಷ್ಟೇ ಇರುತ್ತದೆ. ಅಲ್ಲಿನ ಸಲಹೆಗಾರ್ತಿ ಮೀಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದಾಗ ನಾನು ಫೋಟೋ ತೆಗೆದು ಬಳಗದವರಿಗೆಲ್ಲ ಕಳಿಸಿದೆ.

"ದಿನಕ್ಕೆ ಒಂದೆರಡು ಮಾತ್ರ ಸೇದ್ತೀನಿ, ಉಳಿದದ್ದು ವೇಪ್" ಅನ್ನುವವರಿಗೆ ಒಂದು ಮಾತು. ದಿನಕ್ಕೆ ಒಂದೇ ಸೇದಿದರೂ ಹೃದಯದ ಕಾಯಿಲೆಯ ಹೆಚ್ಚುವರಿ ಅಪಾಯ ಇಪ್ಪತ್ತು ಸೇದುವವರದ್ದರ ಅರ್ಧದಷ್ಟು ಇರುತ್ತದೆ. ಹತ್ತೊಂಬತ್ತು ಬಿಟ್ಟು ಒಂದು ಉಳಿಸಿಕೊಂಡರೆ ಲಾಭ ಅಷ್ಟಕ್ಕಷ್ಟೇ. ಆ ಒಂದನ್ನು ಬಿಡಿಸಲು ನಿಕೋಟಿನ್ ಏರಿಸಬೇಕಾದರೆ ಏರಿಸಿ. ನಾನು ಮೊದಲ ಕೆಲವು ವಾರ ಪಾಡ್ ಜೊತೆಗೆ 21 ಎಂಜಿ ಪ್ಯಾಚ್ ಕೂಡ ಅಂಟಿಸುತ್ತಿದ್ದೆ, ಆ ಸಲಹೆಗಾರ್ತಿಯನ್ನು ಕೇಳಿಯೇ. ಬೆಳಗಿನ ಮೊದಲ ಸಿಗರೇಟನ್ನು ಕೊಂದದ್ದು ಪ್ಯಾಚ್. ರಾತ್ರಿ ಊಟದ ನಂತರದ್ದನ್ನು ಕೊಂದದ್ದು ಬೇರೊಂದು ಉಪಾಯ. ಅದನ್ನು ಇಲ್ಲಿ ಬರೆಯಲ್ಲ, ಎದುರಿಗೆ ಸಿಕ್ಕಿದವರಿಗೆ ಹೇಳುತ್ತೇನೆ.

ಮೂರನೇ ವಾರ ಎದೆ ಡವಡವ ಅನ್ನತೊಡಗಿತು. ರಾತ್ರಿ ನಿದ್ದೆ ಇಲ್ಲ, ಕೈ ಸಣ್ಣಗೆ ನಡುಗುತ್ತಿತ್ತು. "ನೋಡಿದ್ರಾ ರೀ, 20 ಎಂಜಿ ಬೇಡ ಅಂದಿದ್ದೆ" ಅಂದಳು ನನ್ನ ಹೆಂಡತಿ. ಎಲ್ಲರೂ 10ಕ್ಕೆ ಇಳಿಸು ಅಂದರು. ನಾನು ನಿಕೋಟಿನ್ ಮುಟ್ಟಲಿಲ್ಲ, ಕಾಫಿ ಇಳಿಸಿದೆ. ಸಿಗರೇಟಿನ ಹೊಗೆಯಲ್ಲಿರುವ ಟಾರು ಲಿವರಿನ ಒಂದು ಎನ್‌ಜೈಮ್ ಅನ್ನು ಚುರುಕು ಮಾಡಿಟ್ಟಿರುತ್ತದೆ. ಸೇದುವವರ ಮೈಯಲ್ಲಿ ಕೆಫೀನ್ ಬೇಗ ಕರಗುವುದು ಅದರಿಂದಲೇ. ಹೊಗೆ ನಿಂತರೆ ಅದೇ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ನಾನು ದಿನಕ್ಕೆ ನಾಲ್ಕು ಲೋಟ ಗಟ್ಟಿ ಡಿಕಾಕ್ಷನ್ ಕುಡಿಯುವವನು. ಎರಡಕ್ಕೆ ಇಳಿಸಿದೆ, ಎರಡನೆಯದು ಮಧ್ಯಾಹ್ನ ಹನ್ನೆರಡರೊಳಗೆ. ನಾಲ್ಕೈದು ದಿನದಲ್ಲಿ ಎದೆ ಬಡಿತ ಸರಿಹೋಯಿತು. ಖಾತ್ರಿ ಮಾಡಿಕೊಳ್ಳಲು ಒಂದು ಭಾನುವಾರ ಬೇಕಂತಲೇ ಮತ್ತೆ ನಾಲ್ಕು ಲೋಟ ಕುಡಿದೆ. ಸಂಜೆಗೆ ಡವಡವ ಹಾಜರ್. ಇದೇ ಕಾರಣಕ್ಕೆ ಕ್ಲೋಜಪಿನ್, ಓಲಾನ್ಜಪಿನ್, ಥಿಯೋಫಿಲಿನ್‌ನಂಥ ಮಾತ್ರೆ ತಗೊಳ್ಳುವವರು ಸಿಗರೇಟು ಬಿಡುವ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಡೋಸು ಬದಲಿಸಬೇಕಾಗಬಹುದು.

ಸಿಹಿ ಜ್ಯೂಸಿನ ಲೆಕ್ಕವನ್ನೂ ನೋಡಿದೆ. ಸುಕ್ರಲೋಸ್ ಹಾಕಿದ್ದು ನಾಲ್ಕು ದಿನಕ್ಕೆ ಕಾಯಿಲ್ ಕಪ್ಪು ಮಾಡುತ್ತದೆ. ಸಿಹಿ ಇಲ್ಲದ ಪುದೀನದಲ್ಲಿ ಅದೇ ಕಾಯಿಲ್ ಹತ್ತು ಹನ್ನೆರಡು ದಿನ ಬರುತ್ತದೆ. ಏಲಕ್ಕಿ ಫ್ಲೇವರ್ ನಾನೇ ಮಾಡಿದ್ದೇನೆ, ಬಳಗದಲ್ಲಿ ಅದಕ್ಕೆ ಬೇಡಿಕೆ ಇದೆ. ಅಳತೆ ಮಾತ್ರ ನನ್ನ ಹತ್ತಿರವೇ ಇರಲಿ. ಒಂದು ಎಚ್ಚರಿಕೆ: ವೇಪಿಗೆಂದೇ ಮಾಡಿದ, ಪಿಜಿಯಲ್ಲಿ ಬೆರೆಸಿದ ಕಾನ್ಸಂಟ್ರೇಟ್ ಮಾತ್ರ ಬಳಸಿ. ಅಡುಗೆಯ ಏಲಕ್ಕಿ ಎಣ್ಣೆ, ಯಾವುದೇ ಎಣ್ಣೆ, ವೇಪಿಗೆ ಹಾಕಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾದಂಥ ಕಾಯಿಲೆ ತರುತ್ತದೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದು ಜನ ಸತ್ತಾಗಲೂ ಮುಖ್ಯ ಕಾರಣವಾಗಿ ಸಿಕ್ಕಿದ್ದು ಕಳ್ಳಸಂತೆಯ ಗಾಂಜಾ ಕಾರ್ಟ್ರಿಡ್ಜಿಗೆ ಬೆರೆಸಿದ ವಿಟಮಿನ್ ಇ ಅಸಿಟೇಟ್.

ಮಕ್ಕಳಿರುವ ಮನೆಯಲ್ಲಿ ಜ್ಯೂಸ್ ಬಾಟಲಿ ಬೀಗದಲ್ಲಿರಲಿ. 10 ಎಂಎಲ್‌ನ 20 ಎಂಜಿ ಬಾಟಲಿಯಲ್ಲಿ 200 ಎಂಜಿ ನಿಕೋಟಿನ್ ಇದೆ. ದೊಡ್ಡವರಿಗೆ ಎಳೆತ ಎಳೆತವಾಗಿ ಒಳಗೆ ಹೋಗುವುದು ಬೇರೆ, ಮಗು ಬಾಟಲಿ ಎತ್ತಿ ಕುಡಿಯುವುದು ಬೇರೆ. ಕೈಗೆ ಚೆಲ್ಲಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ. ಮೋಡಿಗೆ ಹಾಕುವ ಬಿಡಿ ಬ್ಯಾಟರಿಯನ್ನು (18650) ಕೀಲಿ, ಚಿಲ್ಲರೆ ಇರುವ ಜೇಬಿಗೆ ಹಾಕಬೇಡಿ. ಸೇದದವರಿಗೆ, ಹುಡುಗರಿಗೆ ಇದು ಬೇಡವೇ ಬೇಡ. ನಾನು ಬರೆಯುತ್ತಿರುವುದೆಲ್ಲ ಸಿಗರೇಟಿನಲ್ಲಿ ಮುಳುಗಿದವರಿಗೆ.

ಇಳಿಸುವ ಕೆಲಸಕ್ಕೆ ನಾನು ಅವಸರ ಮಾಡಲಿಲ್ಲ. ಐದಾರು ತಿಂಗಳು 20ರಲ್ಲೇ ಇದ್ದೆ. ಪಬ್ಬಿನ ಹೊರಗೆ ಸೇದುವವರ ಪಕ್ಕ ನಿಂತರೂ ಏನೂ ಅನ್ನಿಸುತ್ತಿಲ್ಲ ಅಂತಾದ ಮೇಲೆ 20ರ ಒಂದು ಬಾಟಲಿಗೆ 10ರ ಒಂದು ಬಾಟಲಿ ಬೆರೆಸಿ 15 ಮಾಡಿದೆ. ಆಮೇಲೆ ಬರೀ 10. ಪ್ರತಿ ಸಲ ಇಳಿಸಿದಾಗಲೂ ದಿನಕ್ಕೆ ಎಷ್ಟು ಎಂಎಲ್ ಹೋಗುತ್ತಿದೆ ಅಂತ ಬಾಟಲಿ ಮೇಲೆ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದೆ. ಮೂರು ಇದ್ದದ್ದು ಐದಕ್ಕೆ ಏರಿದರೆ ಇಳಿಸಿದ್ದು ಸುಳ್ಳು ಲೆಕ್ಕ. ಲಂಡನ್ ಸೌತ್ ಬ್ಯಾಂಕ್ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿದ್ದಾರೆ. 18 ಎಂಜಿಯವರಿಗಿಂತ 6 ಎಂಜಿಯವರು ಜಾಸ್ತಿ ಸಲ, ಉದ್ದಕ್ಕೆ ಎಳೆದರು, ಫಾರ್ಮಾಲ್ಡಿಹೈಡನ್ನೂ ಜಾಸ್ತಿ ಒಳಗೆ ತಗೊಂಡರು. ನನಗೆ 10ರಲ್ಲಿ ಹಾಗಾದಾಗ ಮತ್ತೆ 15ಕ್ಕೆ ಹೋಗಿ ಒಂದು ತಿಂಗಳು ಕೂತೆ. ಈಗ 5ರಲ್ಲಿದ್ದೇನೆ, ದಿನಕ್ಕೆ ಎರಡು ಎಂಎಲ್.

ಊರಿಗೆ ಹೋಗುವಾಗ ಪಾಡ್ ಇಲ್ಲೇ ಬಿಟ್ಟು ಹೋಗಿ. ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು. 2019ರ ಕೇಂದ್ರ ಕಾಯ್ದೆಯಲ್ಲಿ ಆಮದು ಮಾಡಿದವರಿಗೆ ಮೊದಲ ಸಲಕ್ಕೇ ಒಂದು ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ ಇದೆ. ನಾನು ಪ್ಯಾಚ್ ಮತ್ತು 2 ಎಂಜಿ ಗಮ್ ಇಟ್ಟುಕೊಂಡು ಹೋಗುತ್ತೇನೆ. ಗಮ್ಮನ್ನು ಬಬಲ್‌ಗಮ್ ತರ ಜಗಿಯಬಾರದು. ನಾಲಿಗೆ ಚುರ್ ಅಂದಾಗ ಕೆನ್ನೆ ಪಕ್ಕ ಒತ್ತರಿಸಿ ಇಡಬೇಕು. ಕಾಫಿ ಕುಡಿದು ಹದಿನೈದು ನಿಮಿಷ ಆಗದೆ ಬಾಯಿಗೆ ಹಾಕಿದರೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ. ಊರಿನ ಗೆಳೆಯರಿಗೂ ಇದನ್ನೇ ಹೇಳುವುದು: ಕದ್ದು ಮಾರುವ ವೇಪಿನಲ್ಲಿ ಎಷ್ಟು ನಿಕೋಟಿನ್ ಇದೆ, ಏನು ಬೆರೆಸಿದ್ದಾರೆ, ಯಾರಿಗೂ ಗೊತ್ತಿಲ್ಲ. ಗಮ್ ತಗೊಳ್ಳಿ, 1800-11-2356ಕ್ಕೆ ಫೋನ್ ಮಾಡಿ, ಅದು ತಂಬಾಕು ಬಿಡಿಸುವ ಸರ್ಕಾರದ ಪುಕ್ಕಟೆ ಸಹಾಯವಾಣಿ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 2 ಎಂಜಿ ಸಾಲದು. ಡಾಕ್ಟರನ್ನು ಕೇಳಿ 4 ಎಂಜಿಯಿಂದ ಶುರು ಮಾಡಿ. ಭಾವ ಈಗ ಹಾಗೇ ಮಾಡುತ್ತಿದ್ದಾರೆ.

ದುಡ್ಡಿನ ಲೆಕ್ಕ: ಪಾಡ್, ಜ್ಯೂಸ್, ಕಾಯಿಲ್ ಸೇರಿ ಮೊದಲು ತಿಂಗಳಿಗೆ 45 ಪೌಂಡು ಆಗುತ್ತಿತ್ತು, ಈಗ 30ರ ಒಳಗೆ. ಎರಡು ವರ್ಷದಲ್ಲಿ ಏಳು ಸಾವಿರ ಪೌಂಡು ಉಳಿದಿದೆ. ಇಂಗ್ಲೆಂಡಿನಲ್ಲಿ ಸರ್ಕಾರ ಜ್ಯೂಸಿಗೆ 2026ರ ಅಕ್ಟೋಬರ್‌ನಿಂದ 10 ಎಂಎಲ್‌ಗೆ 2.20 ಪೌಂಡು ತೆರಿಗೆ ಹಾಕಲು ಹೊರಟಿದೆ, ಅದರ ಮೇಲೆ ವ್ಯಾಟ್ (ಮಾರಾಟ ತೆರಿಗೆ) ಬೇರೆ. 20 ಎಂಜಿಗೂ ಸೊನ್ನೆ ಎಂಜಿಗೂ ಒಂದೇ ತೆರಿಗೆ. ಹಾಗಾಗಿ ದಿನಕ್ಕೆ ಹತ್ತು ಎಂಎಲ್ ಸುಡುವ 3 ಎಂಜಿ ಮೋಡಿನವರಿಗೆ ತಿಂಗಳಿಗೆ ಇನ್ನೂ 80 ಪೌಂಡು ಜಾಸ್ತಿ ಬೀಳುತ್ತದೆ. ನನಗೆ ಬೀಳುವುದು ಹದಿನಾರು. ನಾನಿನ್ನು ಎಂಜಿ ಇಳಿಸಲ್ಲ, ಎರಡು ಎಂಎಲ್ ಅನ್ನು ಒಂದಕ್ಕೆ ತರುತ್ತೇನೆ.