ಮುಚ್ಚಿಗೆಯ ಹಲಗೆ ಊಟದ ಮೇಜಾದದ್ದು

ನಮ್ಮದು ತೀರ್ಥಹಳ್ಳಿ ಕಡೆಯ ಹಳೆ ಮನೆ. ಅದರ ಅಡುಗೆಮನೆ ಭಾಗ ಕೆಡವಿ ಆರ್‌ಸಿಸಿ ಹಾಕಿಸಿದಾಗ ಮುಚ್ಚಿಗೆಯ (ಮರದ ಒಳಚಾವಣಿಯ) ಹಲಗೆ, ಮಾಡು ಹೊರುವ ಪಕಾಸು, ರೀಪು ಎಲ್ಲ ಕೊಟ್ಟಿಗೆಯ ಮೂಲೆ ಸೇರಿದವು. ಹಲಗೆಗಳು ಹಲಸಿನವು. ಪಕಾಸುಗಳು ಮತ್ತಿ, ಒಂದೆರಡು ಹೊನ್ನೆ. ಹೊಗೆ ಹಿಡಿದು ಎಲ್ಲವೂ ಕಪ್ಪಾಗಿದ್ದವು. ಮೈತುಂಬ ಮೊಳೆಯ ತೂತು, ತುದಿಯಲ್ಲಿ ಗೆದ್ದಲು, ಕೆಲವಕ್ಕೆ ಉದ್ದಕ್ಕೂ ಸೀಳು. "ಬಚ್ಚಲೊಲೆಗೆ ಎರಡು ಮಳೆಗಾಲಕ್ಕೆ ಸಾಕಾಗುತ್ತೆ ಬಿಡು" ಅಂದರು ಅತ್ತೆ. ನನಗೆ ಮನಸ್ಸು ಬರಲಿಲ್ಲ. ವೀಣೆ ಮಾಡುವುದೂ ಹಲಸಿನ ಮರದಲ್ಲೇ ಅಲ್ವಾ? ಅದನ್ನು ನೀರು ಕಾಯಿಸಲು ಉರಿಸುವುದು ಹೇಗೆ?

ಮೊದಲ ಸಲ ನಾನು ತಲೆಕೆಳಗಾಗಿ ಶುರು ಮಾಡಿದೆ. ಆರು ಅಡಿಯ ಮೇಜಿನ ಚಿತ್ರ ಬರೆದುಕೊಂಡು, ಆ ಅಳತೆಗೆ ಹಲಗೆ ಕೊಯ್ಯಲು ಹೋದೆ. ಒಂದು ಹಲಗೆಯ ಸೀಳು ಸರಿಯಾಗಿ ಅಂಚಿಗೆ ಬಂತು, ಇನ್ನೊಂದರ ಗಂಟು ಕೂಡಿಸುವ ಜಾಗಕ್ಕೇ ಬಂತು. ಎರಡು ಒಳ್ಳೆ ಹಲಗೆ ಹಾಳಾದವು. ಪಕ್ಕದೂರಿನ ಬಡಗಿ ಆಚಾರ್ರು ಬಂದು ನೋಡಿ, "ಅಮ್ಮ, ಹೊಸ ಮರಕ್ಕಾದರೆ ಮೊದಲು ಅಳತೆ. ಇಂಥದ್ದಕ್ಕೆ ಮೊದಲು ಮರ ನೋಡಬೇಕು" ಅಂದರು. ಅವತ್ತಿನಿಂದ ನಾನು ಕೆಲಸ ಮಾಡುವ ರೀತಿಯೇ ಬದಲಾಯಿತು.

ಎಲ್ಲವನ್ನೂ ಅಂಗಳದಲ್ಲಿ ಹರಡಿದೆ. ಒಣ ಬ್ರಶ್ಶಿನಿಂದ ಮಣ್ಣು ಉಜ್ಜಿ ತೆಗೆದೆ. ಇದನ್ನು ಬಿಟ್ಟರೆ ಮಣ್ಣಿನಲ್ಲಿರುವ ಮರಳು ಹತ್ತರಿಯ (ಮರ ಹೆರೆದು ನುಣುಪು ಮಾಡುವ ಉಪಕರಣ) ಬಾಯಿಯನ್ನು ಐದು ನಿಮಿಷದಲ್ಲಿ ಮೊಂಡು ಮಾಡುತ್ತದೆ. ಆಮೇಲೆ ಮೊಳೆ. ಕಣ್ಣಿಗೆ ಕಾಣುವುದನ್ನು ಕಿತ್ತರೆ ಸಾಲದು, ತಲೆ ಮುರಿದು ಒಳಗೇ ಉಳಿದವು ಇರುತ್ತವೆ. ಹಳೆ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ಪ್ರತಿ ಹಲಗೆಯ ಮೇಲೆ ನಿಧಾನವಾಗಿ ಆಡಿಸಿದೆ. ಎಳೆದ ಕಡೆಯೆಲ್ಲ ಸೀಮೆಸುಣ್ಣದ ಗುರುತು. ಹಳೆ ಮರ ಅಂದರೆ ಸಾಮಿಲ್‌ನವರು ಮುಖ ತಿರುಗಿಸುವುದು ಇದಕ್ಕೇ. ಒಂದು ಮೊಳೆ ಸಿಕ್ಕಿದರೆ ಅವರ ಬ್ಲೇಡು ಹೋಯಿತು. ಅವರದ್ದೂ ತಪ್ಪಲ್ಲ. ನಾನು ಕೈಗರಗಸದಲ್ಲೇ ಕೊಯ್ದೆ.

ನಂತರ ತಟ್ಟಿ ನೋಡುವುದು. ಕೊಡತಿಯಿಂದ ತಟ್ಟಿದರೆ ಗಟ್ಟಿ ಮರ ಟಣ್ ಅನ್ನುತ್ತದೆ, ಒಳಗೆ ಟೊಳ್ಳಾಗಿದ್ದರೆ ಡೊಬ್ ಅನ್ನುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರಿನಿಂದ ಚುಚ್ಚಿದೆ. ಮಣ್ಣಿನ ಗೋಡೆಯೊಳಗೆ ಹೂತಿದ್ದ ಪಕಾಸಿನ ತುದಿಗಳನ್ನು ಗೆದ್ದಲು ತಿಂದಿತ್ತು, ನಡುಭಾಗ ಕಬ್ಬಿಣದ ಹಾಗಿತ್ತು. ಒಂದೊಂದರಲ್ಲೂ ತುದಿಯಿಂದ ಒಂದೂವರೆ ಅಡಿ ಕತ್ತರಿಸಿ ಬಿಸಾಡಿದೆ. ಹಲಗೆಗಳಲ್ಲಿ ಹೊರಗಿನ ಬಿಳಿ ಭಾಗಕ್ಕೆ ಮಾತ್ರ ಕುಟ್ಟೆ ಹುಳ ಹಿಡಿದಿತ್ತು, ಒಳಗಿನ ಗಟ್ಟಿ ಹಳದಿ ಚೇಗನ್ನು ಅದು ಮುಟ್ಟಿರಲಿಲ್ಲ. ಬಿಳಿಯದನ್ನು ಪೂರ್ತಿ ಸೀಳಿ ತೆಗೆದೆ. ಬಣ್ಣ ಬಳಿದ ಎರಡು ಹಳೆ ಕಿಟಕಿ ಚೌಕಟ್ಟುಗಳೂ ಇದ್ದವು. ಅವನ್ನು ಬದಿಗಿಟ್ಟೆ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಉಜ್ಜಿದರೆ ಅದರ ಪುಡಿ ಮೂಗಿಗೆ ಹೋಗುತ್ತದೆ.

ಇಷ್ಟಾದ ಮೇಲೆ ಕೈಯಲ್ಲಿ ಉಳಿದದ್ದು ನಾಲ್ಕೂವರೆ ಅಡಿಯ ನಾಲ್ಕು ಹಲಗೆ. ಹಾಗಾಗಿ ಮೇಜೂ ನಾಲ್ಕೂವರೆ ಅಡಿ. ಆರು ಅಡಿಯ ಆಸೆ ಬಿಟ್ಟೆ.

ಏಪ್ರಿಲ್‌ನಲ್ಲಿ ನಾಲ್ಕನ್ನೂ ಅಂಟಿಸಿ 26 ಇಂಚು ಅಗಲದ ಮೇಲುಹಲಗೆ ಮಾಡಿದೆ. ಅದರ ಕೆಳಗೆ ಎರಡು ಅಡ್ಡಪಟ್ಟಿ ಕೊಟ್ಟು ಸ್ಕ್ರೂ ಬಿಗಿದೆ. ನೋಡಲು ಬಹಳ ಚಂದ ಬಂದಿತ್ತು. ಜುಲೈ ಹೊತ್ತಿಗೆ ನಡುವೆ ಉಬ್ಬಿ, ಒಂದು ಸ್ಕ್ರೂ ಮರವನ್ನೇ ಸೀಳಿಕೊಂಡು ಹೊರಬಂತು. ಅಳೆದರೆ ಅಗಲ ಸುಮಾರು 6 ಮಿಲಿಮೀಟರ್ ಜಾಸ್ತಿಯಾಗಿತ್ತು. ಉದ್ದ ಒಂದಿಷ್ಟೂ ಬದಲಾಗಿರಲಿಲ್ಲ. ಮರ ಹಿಗ್ಗುವುದು, ಕುಗ್ಗುವುದು ಎಳೆಗೆ ಅಡ್ಡಲಾಗಿ. ನಮ್ಮ ಮಳೆಗಾಲದ ತೇವದಲ್ಲಿ ಅದನ್ನು ತಡೆಯಲು ಯಾವ ಸ್ಕ್ರೂವಿಗೂ ಆಗುವುದಿಲ್ಲ. ನೂರು ವರ್ಷದ ಮರವಾದರೂ ಅಷ್ಟೇ. ಪಟ್ಟಿ ಬಿಚ್ಚಿ, ನಡುವಿನ ತೂತು ಹಾಗೇ ಬಿಟ್ಟು ಅಕ್ಕಪಕ್ಕದವನ್ನು ಉದ್ದುದ್ದ ಮಾಡಿ, ವಾಷರ್ ಹಾಕಿ ಕೂರಿಸಿದೆ. ಈಗ ಸ್ಕ್ರೂ ಹಿಡಿದುಕೊಂಡೂ ಇರುತ್ತದೆ, ಮರಕ್ಕೆ ಜರುಗಲು ಜಾಗವೂ ಇದೆ.

ಒಂದು ಹಲಗೆಗೆ ತುದಿಯಿಂದ ಏಳು ಇಂಚಿನ ಸೀಳಿತ್ತು. ಅಷ್ಟನ್ನು ಕತ್ತರಿಸಿದ್ದರೆ ಮೇಜು ಇನ್ನೂ ಗಿಡ್ಡವಾಗುತ್ತಿತ್ತು. ಆಚಾರ್ರು ಡಮರುವಿನ ಆಕಾರದ ತುಂಡು ಕೂರಿಸುವುದನ್ನು ತೋರಿಸಿದರು. ಹೊನ್ನೆಯ ಚೂರಿನಲ್ಲಿ ಅಂಥ ಎರಡು ಡಮರು ಕೊಯ್ದು, ಸೀಳಿಗೆ ಅಡ್ಡವಾಗಿ ಇಟ್ಟು, ಸುತ್ತ ಚೂಪಾದ ಗೆರೆ ಎಳೆದು, ಹಲಗೆಯ ಅರ್ಧ ದಪ್ಪದವರೆಗೆ ಉಳಿಯಿಂದ ತೋಡಿ, ಅಂಟು ಹಚ್ಚಿ ತಟ್ಟಿದೆ. ಡಮರುವಿನ ಎಳೆ ಸೀಳಿಗೆ ಅಡ್ಡಲಾಗಿಯೇ ಇರಬೇಕು, ಇಲ್ಲದಿದ್ದರೆ ಸೊಂಟದಲ್ಲಿ ಮುರಿಯುತ್ತದೆ. ಒಂದಕ್ಕೆ ಅರ್ಧ ದಿನ ಹಿಡಿಯಿತು. ಇಡೀ ಮೇಜಿನಲ್ಲಿ ನನಗೆ ತುಂಬ ಇಷ್ಟವಾದ ಜಾಗ ಅದೇ.

ಮೊಳೆಯ ತೂತುಗಳನ್ನು ಎಲ್ಲ ಕಡೆ ತುಂಬಲಿಲ್ಲ. ಮೇಲುಹಲಗೆಯಲ್ಲಿ ಅನ್ನದ ಅಗುಳು ಸಿಕ್ಕಿಕೊಳ್ಳುತ್ತದೆ ಅಂತ ಅಲ್ಲಿ ಮಾತ್ರ ತುಂಬಿದೆ. ಮೊದಲು ಹಲಸಿನ ಪುಡಿಯನ್ನು ಫೆವಿಕಾಲ್ ಜೊತೆ ಕಲಸಿ ನೋಡಿದೆ. ಅದು ಎಣ್ಣೆ ಕುಡಿಯುವುದಿಲ್ಲ, ಬಿಳಿಚಿಕೊಂಡ ಕಲೆ ಉಳಿಯಿತು. ಅರಾಲ್ಡೈಟ್‌ನಲ್ಲಿ ಕಲಸಿದ್ದು ಕಪ್ಪಗಾಗಿ, ಮೊಳೆಯ ಗುರುತಿನ ಜೊತೆ ಹೊಂದಿಕೊಂಡಿತು. ಕಾಲುಗಳಿಗೆ ಮತ್ತಿ ಹಾಕಿದೆ. ಮತ್ತಿಗೆ ಹತ್ತರಿ ಹೊಡೆಯುವುದು ಹಟದ ಕೆಲಸ, ಹತ್ತು ಸಲ ಹೊಡೆದರೆ ಒಂದು ಸಲ ಸಾಣೆ. ಅದರಲ್ಲಿ ಮೊಳೆ ಇದ್ದ ಕಡೆ ನೀಲಿಗಪ್ಪು ಕಲೆ ಇರುತ್ತದೆ. ಕಬ್ಬಿಣವೂ ಮರದ ಒಗರೂ ಸೇರಿ ಬರುವ ಬಣ್ಣ ಅದು. ಆಕ್ಸಾಲಿಕ್ ಆಸಿಡ್ಡಿನಿಂದ ತೆಗೆಯಬಹುದು. ನಾನು ತೆಗೆಯಲಿಲ್ಲ. ಗಂಟಿನ ಕಡೆ ಹತ್ತರಿ ಎಳೆ ಕೀಳುತ್ತಿದ್ದರೆ ಒಡೆದ ಗಾಜಿನ ಅಂಚಿನಿಂದ ಹೆರೆದೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ.

ಕೊನೆಗೆ ಅಗಸೆ ಎಣ್ಣೆ, ತೆಳ್ಳಗೆ ಮೂರು ಸಲ, ಮೇಲೆ ಜೇನುಮೇಣ. ಒಂದು ಮಾತು ಜೋರಾಗಿ ಹೇಳಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅದು ತಾನಾಗಿ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ನಾನು ನೀರಲ್ಲಿ ನೆನೆಸಿ, ಬಿಡಿಸಿ, ಬಯಲಲ್ಲಿ ಒಣಹಾಕುತ್ತೇನೆ.

ಮೇಲುಹಲಗೆಯ ಅಡಿಭಾಗಕ್ಕೆ ಎಣ್ಣೆ ಮಾತ್ರ ಹಚ್ಚಿದೆ, ಹತ್ತರಿ ಹೊಡೆಯಲಿಲ್ಲ. ಅಲ್ಲಿ ಅಡುಗೆಮನೆಯ ಹೊಗೆಯ ಕಪ್ಪು ಹಾಗೇ ಇದೆ. ಹಲಸಿನ ಹಳದಿ ದಿನ ಕಳೆದ ಹಾಗೆ ಬೆಳಕಿಗೆ ಕಂದಾಗುತ್ತಿದೆ. ಅತ್ತೆ ಈಗ ಅಲ್ಲೇ ಕೂತು ಬೀನ್ಸ್ ಬಿಡಿಸುತ್ತಾರೆ. ಕೊಟ್ಟಿಗೆಯಲ್ಲಿ ಇನ್ನೂ ಒಂದು ತೊಲೆ ಉಳಿದಿದೆ, ಸೊಟ್ಟ, ನಡುವೆ ಉದ್ದದ ಬಿರುಕು. ಜಗುಲಿಗೆ ಒಂದು ಬೆಂಚು ಆಗಬಹುದು ಅನ್ನಿಸುತ್ತದೆ. ಇನ್ನೂ ಗರಗಸ ಇಟ್ಟಿಲ್ಲ. ಈ ಮಳೆಗಾಲ ಕಳೆದು, ಅದು ಒಣಗಿ ಬಿರುಕು ಎಲ್ಲಿಗೆ ನಿಲ್ಲುತ್ತದೆ ಅಂತ ನೋಡಬೇಕು.