ತೊದಲುವ ಮಗುವನ್ನು ಶಾಲೆಯಲ್ಲಿ ಅಣಕಿಸುತ್ತಿದ್ದರೆ ಏನು ಮಾಡಬೇಕು?

ತೊದಲುವ ಮಗುವಿಗೆ ಹಾಜರಿ ಕರೆಯುವ ಹೊತ್ತೇ ದೊಡ್ಡ ಪರೀಕ್ಷೆ. 'ಹಾಜರ್ ಸರ್' ಎನ್ನಲು ಹೊರಟರೆ 'ಹ' ಗಂಟಲಲ್ಲೇ ನಿಲ್ಲುತ್ತದೆ. ಹಿಂದಿನಿಂದ ಯಾರೋ 'ಹ ಹ ಹ' ಎನ್ನುತ್ತಾರೆ, ಎಲ್ಲರೂ ನಗುತ್ತಾರೆ. ವಿಜಯಪುರವಿರಲಿ, ಜಮಖಂಡಿಯಿರಲಿ, ಅಥಣಿಯಿರಲಿ, ಅಲ್ಲಿಂದ ಆ ಹುಡುಗ 'ತೊದಲ್ಯಾ' ಆಗಿಬಿಡುತ್ತಾನೆ. ಮೊದಲು ಮಾತು ಸರಿಹೋಗಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಅಣಕ ನಿಲ್ಲಿಸುವುದು ದೊಡ್ಡವರ ಕೆಲಸ. ಅದನ್ನು ಇವತ್ತೇ ಶುರು ಮಾಡಬಹುದು.

ಮೊದಲು ಮನೆಯಲ್ಲಿ

ತೊದಲು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಮಾತನ್ನು ನಡೆಸುವ ಮಿದುಳಿನ ಕೆಲಸದಲ್ಲಿರುವ ವ್ಯತ್ಯಾಸ ಮತ್ತು ವಂಶದ ಗುಣ ಇದರ ಹಿಂದಿವೆ. ಹೆದರಿಕೆಯಿಂದ, ಬೇರೆಯವರನ್ನು ನೋಡಿ ಕಲಿತದ್ದರಿಂದ ಇದು ಬರುವುದಿಲ್ಲ. ಬುದ್ಧಿ ಕಡಿಮೆ ಎಂಬುದಂತೂ ಸುಳ್ಳು. ನಾಲಿಗೆಗೆ ಬಜೆ ತೇದು ಹಚ್ಚುವುದು, ಬಾಯಲ್ಲಿ ಕಲ್ಲು ಇಟ್ಟು ಮಾತಾಡಿಸುವುದು ಬೇಡ. ಅದರಿಂದ ತೊದಲು ಹೋಗುವುದಿಲ್ಲ, ಮಗು ಮಾತ್ರ ಇನ್ನಷ್ಟು ಮುದುಡುತ್ತದೆ.

'ನಿಧಾನ ಹೇಳು', 'ಉಸಿರು ತಗೊಂಡು ಹೇಳು' ಎಂದು ಪ್ರೀತಿಯಿಂದಲೇ ಹೇಳುತ್ತೇವೆ, ಅಲ್ವಾ? ಮಗುವಿಗೆ ಕೇಳಿಸುವುದು 'ನೀನು ತಪ್ಪು ಮಾತಾಡುತ್ತಿದ್ದೀಯ' ಎಂದು. ಅದರ ಬದಲು ನೀವೇ ನಿಧಾನವಾಗಿ ಮಾತಾಡಿ. ಮಗುವಿನ ಮುಖ ನೋಡುತ್ತಾ ಕೇಳಿ. ಅದರ ಮಾತನ್ನು ನೀವು ಮುಗಿಸಬೇಡಿ. ಅಜ್ಜ, ಕಾಕಾ, ಅಕ್ಕ, ತಮ್ಮ, ಯಾರೂ ಅಡ್ಡಹೆಸರಿಂದ ಕರೆಯಕೂಡದು. ಮನೆಯವರೇ ಕರೆದರೆ ಓಣಿಯವರನ್ನು ತಡೆಯುವುದು ಹೇಗೆ?

ಮಗು ಹೇಳದಿದ್ದರೂ ಗಮನಿಸಿ

ಅಣಕಿಸಿಕೊಂಡ ಮಕ್ಕಳು ಜಾಸ್ತಿ ಹೇಳಿಕೊಳ್ಳುವುದಿಲ್ಲ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಹೊಟ್ಟೆನೋವು, ಅಂಗಡಿಗೆ ತಮ್ಮನನ್ನು ಕಳಿಸುವುದು, ಎಲ್ಲಕ್ಕೂ ಬರೀ 'ಹ್ಞೂಂ', ಇಂಥವು ಕಂಡರೆ ಒಬ್ಬರೇ ಇದ್ದಾಗ ಕೇಳಿ: 'ನಿನ್ನ ಮಾತಿಗೆ ಯಾರರ ನಗ್ತಾರೇನಪಾ?' ನೇರವಾಗಿ ಕೇಳಿದರೆ ತಪ್ಪಿಲ್ಲ. ತೊದಲಿನ ಬಗ್ಗೆ ಮನೆಯಲ್ಲಿ ಯಾರೂ ಮಾತೇ ಎತ್ತದಿದ್ದರೆ ಅದು ನಾಚಿಕೆಯ ವಿಷಯ ಎಂದು ಮಗು ತಿಳಿಯುತ್ತದೆ.

ಯಾರು, ಯಾವಾಗ, ಏನು ಅಂದರು ಎಂದು ಬರೆದಿಟ್ಟುಕೊಳ್ಳಿ. 'ಕಿವಿಗೆ ಹಾಕೋಬ್ಯಾಡ' ಎಂದು ಸುಮ್ನೆ ಬಿಡಬೇಡಿ, 'ನೀನೂ ಎರಡು ಬಿಡು' ಎಂದೂ ಕಲಿಸಬೇಡಿ. ಒಂದು ಉತ್ತರವನ್ನು ಇಬ್ಬರೂ ಸೇರಿ ರೂಢಿ ಮಾಡಿ: 'ಹೌದು, ನನಗ ಮಾತು ತಡೀತದ. ಹೇಳಿ ಮುಗಿಸೋತನಕ ಕೇಳು.' ತೊದಲುತ್ತಲೇ ಹೇಳಿದರೂ ಅಡ್ಡಿಯಿಲ್ಲ.

ಶಿಕ್ಷಕರ ಜೊತೆ ಕೂತು

ಎಲ್ಲಕ್ಕಿಂತ ಹೆಚ್ಚು ಬದಲಾವಣೆ ಆಗುವುದು ಇಲ್ಲಿ. ದೂರು ಹೇಳುವುದಷ್ಟೇ ಅಲ್ಲ, ಏನು ಬದಲಾಗಬೇಕು ಎಂದು ಕೇಳಿ. ಹಾಜರಿಗೆ ಕೈ ಎತ್ತಿದರೆ ಸಾಕು ಎಂದು ತರಗತಿಗೆಲ್ಲ ಒಂದೇ ನಿಯಮ ಮಾಡಬಹುದು. ಒಬ್ಬನಿಗೇ ಬೇರೆ ನಿಯಮ ಮಾಡಿದರೆ ಅದೇ ಹೊಸ ಅಣಕ. ಹೆಸರು ಹೇಳುವುದು ಈ ಮಕ್ಕಳಿಗೆ ತುಂಬಾ ಕಷ್ಟ, ಏಕೆಂದರೆ ಬೇರೆ ಮಾತು ತಡೆದರೆ ಇನ್ನೊಂದು ಪದ ಹುಡುಕಬಹುದು, ಹೆಸರಿಗೆ ಬದಲಿ ಇಲ್ಲ.

ಗಟ್ಟಿಯಾಗಿ ಓದಿಸುವಾಗ ಎಲ್ಲರನ್ನೂ ಜೋಡಿಯಾಗಿ ಓದಿಸಲಿ. ಜೊತೆಗೂಡಿ ಓದಿದಾಗ, ಹಾಡಿದಾಗ ತೊದಲು ಬಹಳಷ್ಟು ಕಡಿಮೆಯಾಗುತ್ತದೆ. ಪ್ರಾರ್ಥನೆಯಲ್ಲಿ ಸಲೀಸಾಗಿ ಹಾಡುವವನು ಪ್ರಶ್ನೆಗೆ ತಡವರಿಸಿದರೆ 'ನಾಟಕ ಮಾಡ್ತಾನ' ಅನ್ನುವವರಿದ್ದಾರೆ. ದಯವಿಟ್ಟು ಹಾಗೆ ಅನ್ನಬೇಡಿ. ತೊದಲು ಇರುವುದೇ ಹಾಗೆ.

ಯಾರಾದರೂ ನಕ್ಕರೆ ಶಿಕ್ಷಕರು ಅಲ್ಲೇ ತಡೆಯಬೇಕು. 'ಅವನು ಹೇಳ್ತಿದ್ದಾನೆ, ಕೇಳೋಣ' ಎಂದರೂ ಸಾಕು. ಅಣಕಿಸುವವನನ್ನು ಬೇರೆ ಕರೆದು ಮಾತಾಡಲಿ. ತೊದಲಿನ ಬಗ್ಗೆ ತರಗತಿಗೆ ತಿಳಿಸುವ ಮುನ್ನ ಮಗುವಿನ ಒಪ್ಪಿಗೆ ಕೇಳಲಿ.

ಶಿಕ್ಷಕರೇ ಅಣಕಿಸಿದರೆ? 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸಿದೆ. ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಸರ್ಕಾರಿ ಶಾಲೆಯಾದರೆ ಪಾಲಕರಿರುವ ಶಾಲಾ ಸಮಿತಿಗೂ (ಎಸ್‌ಡಿಎಂಸಿ) ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಸ್ಪೀಚ್ ಥೆರಪಿಸ್ಟ್ ಬಳಿ

ಚಿಕ್ಕ ಮಕ್ಕಳಲ್ಲಿ ಎಷ್ಟೋ ಜನರಿಗೆ ತೊದಲು ತಾನಾಗಿ ಹೋಗುತ್ತದೆ. ಆದರೆ ಆರು ತಿಂಗಳು ದಾಟಿದರೆ, ಮನೆತನದಲ್ಲಿ ತೊದಲು ಇದ್ದರೆ, ಮಾತಾಡುವಾಗ ಮಗು ಮುಖ ಬಿಗಿಹಿಡಿದು ಒದ್ದಾಡಿದರೆ ತಡ ಮಾಡಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರ ನಿಜ, ಆದರೆ ವಿಜಯಪುರ, ಬಾಗಲಕೋಟೆಯಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ನೇರ ಮೈಸೂರಿಗೆ ಹೋಗುತ್ತದೆ.

ಹೋಗುವ ಮುನ್ನ ಮಗುವನ್ನು ಕೇಳಿ, ಮನೆಯಲ್ಲಿ ಆಡುವ ಮಾತನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ತೊದಲು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಆಸ್ಪತ್ರೆಯಲ್ಲಿ ಮಗು ಸಲೀಸಾಗಿ ಮಾತಾಡಿಬಿಟ್ಟರೆ ಆ ವಿಡಿಯೊ ಕೆಲಸಕ್ಕೆ ಬರುತ್ತದೆ.